ಇಡ್ಲಿ ತಿಂದ ಮೇಲೆ 280: ಒಂದು ರಿಪೇರಿ ಕೆಲಸದ ದಾಖಲೆ

ಬೆಳಿಗ್ಗೆ ಎದ್ದಾಗ ಶುಗರ್ 120. ನಾಲ್ಕು ಇಡ್ಲಿ, ಕಾಯಿ ಚಟ್ನಿ, ಸಕ್ಕರೆ ಇಲ್ಲದ ಅರ್ಧ ಲೋಟ ಕಾಫಿ. ಒಂದೂವರೆ ಗಂಟೆ ಬಿಟ್ಟು ನೋಡಿದರೆ 280. ಮಧ್ಯಾಹ್ನ ಊಟಕ್ಕೆ ಕೂರುವ ಹೊತ್ತಿಗೆ ಮತ್ತೆ 125. ಈ ನಡುವೆ ಏಳುವ ಗುಡ್ಡವನ್ನು ತಗ್ಗಿಸುವುದೇ ಕೆಲಸ. ಜನವರಿಯಲ್ಲಿ ಶುರು ಮಾಡಿದ್ದು, ಈಗ ಮುಕ್ಕಾಲು ಪಾಲು ಮುಗಿದಿದೆ. ಉಳಿದ ಕಾಲು ಪಾಲು ಮಸಾಲೆ ದೋಸೆ. ಅದನ್ನು ಕೊನೆಗೆ ಹೇಳುತ್ತೇನೆ.

ಮೊದಲು ನನ್ನ ಲೆಕ್ಕ ಇಷ್ಟು. ಟೈಪ್ ಒನ್ ಡಯಾಬಿಟಿಸ್, ಅಂದರೆ ಮೈ ತಾನೇ ಇನ್ಸುಲಿನ್ ಮಾಡದ ಸಕ್ಕರೆ ಕಾಯಿಲೆ, ಹತ್ತನೇ ಕ್ಲಾಸಿನಲ್ಲಿದ್ದಾಗ ಬಂದದ್ದು. ರಾತ್ರಿ ಗ್ಲಾರ್ಜಿನ್ (ದಿನವಿಡೀ ನಿಧಾನಕ್ಕೆ ಕೆಲಸ ಮಾಡುವ ಇನ್ಸುಲಿನ್) 18 ಯೂನಿಟ್. ಊಟ, ತಿಂಡಿಗೆ ಆಸ್ಪಾರ್ಟ್ (ಬೇಗ ಕೆಲಸ ಮಾಡುವ ಇನ್ಸುಲಿನ್), ಪೆನ್ನಿನಂಥ ಸೂಜಿಯಲ್ಲಿ. ಎಲ್ಲ ಸೇರಿ ದಿನಕ್ಕೆ 40 ಯೂನಿಟ್ ಆಸುಪಾಸು. ಬೆಳಿಗ್ಗೆ 8 ಗ್ರಾಂ ಕಾರ್ಬ್‌ಗೆ (ತಿನ್ನುವುದರಲ್ಲಿರುವ ಪಿಷ್ಟ, ಸಕ್ಕರೆ) 1 ಯೂನಿಟ್, ಮಧ್ಯಾಹ್ನ 12ಕ್ಕೆ 1, ರಾತ್ರಿ 11ಕ್ಕೆ 1. ಬೆಳಿಗ್ಗೆ ಹೊತ್ತು ಇನ್ಸುಲಿನ್ ಜಾಸ್ತಿ ಬೇಡುವುದು ನನಗೊಬ್ಬಳಿಗೇ ಅಲ್ಲ, ಬಹಳ ಜನಕ್ಕೆ ಹಾಗೇ. 1 ಯೂನಿಟ್ ಹೆಚ್ಚಿಗೆ ಹಾಕಿಕೊಂಡರೆ ಶುಗರ್ ಸುಮಾರು 45 ಇಳಿಯುತ್ತದೆ. ಇದೆಲ್ಲ ನನ್ನ ಡಾಕ್ಟರ್ ಜೊತೆ ಕೂತು ಹಾಕಿದ ಲೆಕ್ಕ. ಇದನ್ನೇ ಎತ್ತಿಕೊಂಡು ನೀವು ಹಾಕಿಕೊಂಡರೆ ಆಸ್ಪತ್ರೆ ಸೇರುತ್ತೀರಿ. ಮಾತ್ರೆಯಲ್ಲೇ ನಡೆಯುತ್ತಿರುವ ಟೈಪ್ ಟೂನವರಿಗಂತೂ ಇದರಲ್ಲಿ ಅರ್ಧ ಸಂಬಂಧವೇ ಇಲ್ಲ. ಶುಗರ್ ಅಂಕಿಗಳೆಲ್ಲ ನಮ್ಮ ಲ್ಯಾಬ್ ರಿಪೋರ್ಟಿನಲ್ಲಿ ಬರುವ ಮಿಲಿಗ್ರಾಂ ಲೆಕ್ಕದವು.

ಎಚ್‌ಬಿಎ1ಸಿ ಅನ್ನುವ ರಕ್ತಪರೀಕ್ಷೆಯಲ್ಲಿ 7.4 ಇತ್ತು. ಕೇಳಿದವರೆಲ್ಲ ‘ಕಂಟ್ರೋಲ್‌ನಲ್ಲಿದೆ ಬಿಡಿ’ ಅಂದರು. ಆ ಪರೀಕ್ಷೆ ಎರಡು ಮೂರು ತಿಂಗಳ ಸರಾಸರಿ ತೋರಿಸುತ್ತದೆ, ಅಷ್ಟೇ. 280ಕ್ಕೆ ಹೋಗಿ 60ಕ್ಕೆ ಬಿದ್ದರೂ ಸರಾಸರಿ ನೋಡೋಕೆ ಚೆನ್ನಾಗಿಯೇ ಇರುತ್ತದೆ.

ಸಾಮಾನು

ಅಡುಗೆಮನೆಯ ಡಿಜಿಟಲ್ ತಕ್ಕಡಿ, 1 ಗ್ರಾಂವರೆಗೂ ತೋರಿಸುವಂಥದ್ದು, 450 ರೂಪಾಯಿ. ಇಡೀ ಕೆಲಸದಲ್ಲಿ ದುಡ್ಡಿಗೆ ತಕ್ಕ ಬೆಲೆ ಕೊಟ್ಟದ್ದು ಇದೇ. ತೋಳಿಗೆ ಅಂಟಿಸಿಕೊಂಡರೆ ಇಡೀ ದಿನದ ಶುಗರ್ ಗ್ರಾಫ್ ಕೊಡುವ ಸೆನ್ಸರ್, 14 ದಿನ ಬರುವುದು, ಒಂದಕ್ಕೆ ಸುಮಾರು 5,000 ರೂಪಾಯಿ. ಪ್ರತಿ ತಿಂಗಳೂ ಎರಡು ಹಾಕುವಷ್ಟು ನಮಗೆ ಆಗುವುದಿಲ್ಲ. ಏನಾದರೂ ಬದಲಾವಣೆ ಮಾಡಿ ನೋಡಬೇಕಾದಾಗ ಮಾತ್ರ ಹಾಕುತ್ತೇನೆ. ಉಳಿದ ದಿನ ಗ್ಲುಕೋಮೀಟರ್, ಸ್ಟ್ರಿಪ್ ಒಂದಕ್ಕೆ 20 ರೂಪಾಯಿ. ಅರ್ಧ ಯೂನಿಟ್ ತಿರುಗುವ ಪೆನ್. 4 ಮಿಲಿಮೀಟರ್ ಸೂಜಿ. ಗ್ಲೂಕೋಸ್ ಪುಡಿ ಮನೆಯಲ್ಲೊಂದು ಡಬ್ಬಿ, ಬ್ಯಾಗಿನಲ್ಲೊಂದು ಪೊಟ್ಟಣ. ಒಂದು ನೋಟ್‌ಬುಕ್.

ಹಂತ 1, ಜನವರಿ: ಏನೂ ಮುಟ್ಟದೆ ನೋಡುವುದು

ಸೆನ್ಸರ್ ಹಾಕಿಕೊಂಡು, ತಿನ್ನುವುದನ್ನಾಗಲಿ ಡೋಸನ್ನಾಗಲಿ ಬದಲಿಸದೆ ಸುಮ್ನೆ ಬರೆದುಕೊಂಡು ಹೋದೆ. ಖಾಲಿ ಹೊಟ್ಟೆಯದ್ದೊಂದು, ತಿಂದು ಎರಡು ಗಂಟೆಗೆ ಇನ್ನೊಂದು ಅಂತ ಬೆರಳು ಚುಚ್ಚಿ ನೋಡುವಾಗ ಗುಡ್ಡದ ತುದಿ ಸಿಗುವುದೇ ಇಲ್ಲ. ಗ್ರಾಫಿನಲ್ಲಿ ಸಿಕ್ಕಿತು. ತಿಂಡಿ ಆಗಿ 75ರಿಂದ 90 ನಿಮಿಷದಲ್ಲಿ ತುದಿ. ಆಮೇಲೆ ಸರಸರನೆ ಇಳಿತ. ನಾಲ್ಕು ಗಂಟೆ ಆಗುವಾಗ ಮತ್ತೆ ಹೊರಟ ಜಾಗಕ್ಕೇ ಬಂದು ನಿಲ್ಲುತ್ತದೆ.

ಹೊರಟ ಜಾಗಕ್ಕೇ ಬಂದು ನಿಲ್ಲುತ್ತದೆ ಅನ್ನುವುದೇ ಇಲ್ಲಿ ಮುಖ್ಯ. ಡೋಸು ಕಮ್ಮಿ ಇದ್ದಿದ್ದರೆ ನಾಲ್ಕು ಗಂಟೆ ಕಳೆದರೂ 200ರ ಮೇಲೇ ಇರಬೇಕಿತ್ತು. ಇರಲಿಲ್ಲ. ಅಂದರೆ ಇನ್ಸುಲಿನ್ ಸಾಕಷ್ಟಿದೆ, ಬರುವುದು ಮಾತ್ರ ತಡ. ಹೀಗಿರುವಾಗ ಯೂನಿಟ್ ಏರಿಸಿದರೆ ತುದಿ ಸ್ವಲ್ಪ ತಗ್ಗುತ್ತದೆ, ಮಧ್ಯಾಹ್ನ ಹನ್ನೆರಡೂವರೆಗೆ ಕೈಕಾಲು ನಡುಗುತ್ತದೆ. 280 ಕಂಡ ತಕ್ಷಣ ಗಾಬರಿಯಲ್ಲಿ 3 ಯೂನಿಟ್ ಮೇಲೆ ಹಾಕಿಕೊಂಡರೂ ಅದೇ ಗತಿ. ಮೊದಲು ಹಾಕಿದ್ದು ಇನ್ನೂ ಒಳಗೆ ಕೆಲಸ ಮಾಡುತ್ತಿರುತ್ತದೆ. ಆಸ್ಪಾರ್ಟ್ 3ರಿಂದ 5 ಗಂಟೆ ಇರುತ್ತದೆ. ಎರಡೂ ಸೇರಿ ಎಳೆದು ಹಾಕುತ್ತವೆ.

ಸೆನ್ಸರ್ ಬಗ್ಗೆ ಎರಡು ಮಾತು. ಅದು ನೋಡುವುದು ರಕ್ತವನ್ನಲ್ಲ, ಚರ್ಮದ ಕೆಳಗಿನ ನೀರನ್ನು. ಹಾಗಾಗಿ 5–10 ನಿಮಿಷ ಹಿಂದೆ ಇರುತ್ತದೆ. ಶುಗರ್ ಬೇಗ ಬೀಳುತ್ತಿರುವಾಗ ಸೆನ್ಸರ್ 78 ಅಂದರೆ ಬೆರಳು 62 ಹೇಳಬಹುದು. ಮೈ ಒಂದು ಹೇಳಿ ಸೆನ್ಸರ್ ಇನ್ನೊಂದು ಹೇಳಿದರೆ ಬೆರಳು ಚುಚ್ಚಿ ನೋಡುವುದೇ. ಎರಡನೆಯದು, ಸೆನ್ಸರ್ ಇರುವ ತೋಳಿನ ಮೇಲೆ ಒರಗಿ ಮಲಗಿದರೆ ರಾತ್ರಿ ಇಲ್ಲದ ಲೋ (ಶುಗರ್ ತೀರಾ ಇಳಿಯುವುದು) ತೋರಿಸಿ ಎಬ್ಬಿಸುತ್ತದೆ. ಒತ್ತಡದಿಂದ ಆಗುವುದು. ಮಗ್ಗುಲು ಬದಲಿಸಿದರೆ ಸರಿಹೋಗುತ್ತದೆ.

ಹಂತ 2: ತೂಕ

ಮನೆ ಇಡ್ಲಿ ಒಂದು 45 ಗ್ರಾಂ, ಕಾರ್ಬ್ ಸುಮಾರು 11. ನಾಲ್ಕಕ್ಕೆ 44, ಕಾಫಿಯ ಹಾಲಿಗೆ 5. ನಾನು ಹಾಕಿಕೊಳ್ಳುತ್ತಿದ್ದ 6 ಯೂನಿಟ್ ಸರಿಯಾಗಿಯೇ ಇತ್ತು. ಹೋಟೆಲಿನ ತಟ್ಟೆ ಇಡ್ಲಿ ಪಾರ್ಸೆಲ್ ತಂದು ತೂಗಿದೆ, 120 ಗ್ರಾಂ. ಅಂದರೆ ಎರಡೂವರೆ ಮನೆ ಇಡ್ಲಿಗಿಂತ ಜಾಸ್ತಿ. ಅದನ್ನು ‘ಒಂದು ಇಡ್ಲಿ’ ಅಂತ ಎಣಿಸಿದರೆ ಶುಗರ್ ಕೇಳುತ್ತದಾ?

ಅನ್ನದ ಲೆಕ್ಕ ಮಾತ್ರ ದೊಡ್ಡದಾಗಿ ಕೈಕೊಟ್ಟಿತ್ತು. ಮೂರು ಸೌಟು ಅಂದರೆ 45 ಗ್ರಾಂ ಕಾರ್ಬ್ ಅಂತ ಎಲ್ಲೋ ಕೇಳಿದ್ದನ್ನೇ ಹಿಡಿದುಕೊಂಡಿದ್ದೆ. ನಮ್ಮ ಮನೆಯ ಸೌಟಿನಲ್ಲಿ ಮೂರು ಸಲ ಬಡಿಸಿದರೆ 230 ಗ್ರಾಂ ಅನ್ನ. ಬೆಂದ ಅನ್ನ 100 ಗ್ರಾಂಗೆ 28 ಗ್ರಾಂ ಕಾರ್ಬ್, ಒಟ್ಟು 64. ಮಧ್ಯಾಹ್ನದ ಏರಿಕೆಗೆ ಕಾರಣ ಇಷ್ಟೇ, ಅಲ್ಲಿ ಡೋಸೇ ಸಾಲದಿತ್ತು. ಸೌಟು ಅಳತೆಯನ್ನು ಅಲ್ಲಿಗೆ ಬಿಟ್ಟೆ. ತಟ್ಟೆಯನ್ನು ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ ಬಡಿಸಿಕೊಳ್ಳುವುದು. ಎರಡು ವಾರ ತೂಗಿದರೆ ಕಣ್ಣಿಗೇ ಅಂದಾಜು ಬರುತ್ತದೆ. ಈಗ ಪ್ರತಿ ಸಲ ತೂಗುವುದಿಲ್ಲ.

ಮುದ್ದೆ ಬೇರೆಯೇ ಕೆಲಸ ಕೊಟ್ಟಿತು. ನಮ್ಮತ್ತೆ ಪಾಂಡವಪುರ ಕಡೆಯವರು. ಮೈಸೂರಿಗೆ ಬಂದು ನಮ್ಮ ಜೊತೆ ಇದ್ದರೂ ರಾತ್ರಿಗೆ ಮುದ್ದೆ ಬಿದ್ದರೇ ಅವರಿಗೆ ಊಟ. ರಾಗಿ ಶುಗರ್‌ಗೆ ಒಳ್ಳೇದು ಅನ್ನುವ ಮಾತು ಊರೆಲ್ಲ ಇದೆಯಲ್ಲ, ಅದನ್ನು ನಂಬಿ ನಾನೂ ಮುದ್ದೆಗೆ ಅರ್ಧ ಲೆಕ್ಕ ಹಾಕುತ್ತಿದ್ದೆ. ರಾಗಿಹಿಟ್ಟು 100 ಗ್ರಾಂನಲ್ಲಿ 70 ಗ್ರಾಂ ಹತ್ತಿರ ಕಾರ್ಬ್ ಇದೆ. ಅಕ್ಕಿಗೂ ಅದಕ್ಕೂ ಇರುವ ವ್ಯತ್ಯಾಸ ತೀರಾ ಕಮ್ಮಿ. ನಾರು, ಸುಣ್ಣದಂಶ ಹೆಚ್ಚು ಅನ್ನುವುದು ನಿಜ. ಇನ್ಸುಲಿನ್ ಬೇಡ ಅನ್ನುವಷ್ಟಲ್ಲ.

ತೂಗುವ ವಿಧಾನ ಹೀಗೆ. ಮೂವರಿಗೆ ಹಿಟ್ಟು 300 ಗ್ರಾಂ ಹಾಕಿದರು. ಎಲ್ಲ ಮುದ್ದೆ ಕಟ್ಟಿ ಮುಗಿದ ಮೇಲೆ ಒಟ್ಟು ತೂಗಿದೆ, 950 ಗ್ರಾಂ. 300 ಗ್ರಾಂ ಹಿಟ್ಟಿನಲ್ಲಿ 210 ಗ್ರಾಂ ಕಾರ್ಬ್. ಅದನ್ನು 950ರಿಂದ ಭಾಗಿಸಿದರೆ ಮುದ್ದೆಯ ಒಂದೊಂದು ಗ್ರಾಂಗೆ 0.22. ನನ್ನ ಮುದ್ದೆ 280 ಗ್ರಾಂ ಇತ್ತು, ಅಂದರೆ 62 ಗ್ರಾಂ ಕಾರ್ಬ್. ರಾತ್ರಿ ಲೆಕ್ಕಕ್ಕೆ ಐದೂವರೆ ಯೂನಿಟ್. ನಾನು ಹಾಕಿಕೊಳ್ಳುತ್ತಿದ್ದದ್ದು 3.

“ಹಿಟ್ಟನ್ನೂ ತೂಕ ಹಾಕ್ತಾರೇನವ್ವ? ಕೈ ಅಳತೆ ಸಾಲ್ದಾ?” ಅಂದರು ಅತ್ತೆ. ಅವರ ಕೈ ಅಳತೆ ನೋಡಿ ನನಗೇ ಆಶ್ಚರ್ಯ. ಬೇರೆ ಬೇರೆ ದಿನ ತೂಗಿದರೂ ಮುದ್ದೆ 270–290ರ ಆಚೀಚೆ ಹೋಗಲಿಲ್ಲ. ಹಾಗಾಗಿ ಮನೆಯ ಮುದ್ದೆಗೆ ಈಗ ತಕ್ಕಡಿ ಬೇಕಿಲ್ಲ. ನೀರು ಜಾಸ್ತಿ ಹಿಡಿದು ಮೆತ್ತಗೆ ಮಾಡುವವರ ಮನೆಯಲ್ಲಿ ಈ 0.22 ನಡೆಯುವುದಿಲ್ಲ, ನೆನಪಿರಲಿ.

ಇನ್ನೊಂದು ಊರಿನ ನಂಬಿಕೆ ಬೆಲ್ಲದ್ದು. ಮಂಡ್ಯ ಕಡೆ ಆಲೆಮನೆ ಬೆಲ್ಲ ಮನೆ ತುಂಬಾ ಇರುತ್ತದೆ, ‘ಬೆಲ್ಲ ಆದ್ರೆ ಏನೂ ಆಗಲ್ಲ’ ಅಂತ ಕಾಫಿಗೆ ಹಾಕಿಕೊಡುತ್ತಾರೆ. ಬೆಲ್ಲಕ್ಕೂ ಸಕ್ಕರೆಗೂ ಗ್ರಾಂ ಲೆಕ್ಕದಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ನನ್ನ ಗ್ರಾಫಿಗೂ ಗೊತ್ತಾಗಲಿಲ್ಲ.

ಹಂತ 3, ಫೆಬ್ರವರಿ: ತಿಂಡಿ ಬದಲಿಸಿ ನೋಡಿದ್ದು. ಫಲ ಇಲ್ಲ

ಇಡ್ಲಿ ಬಿಟ್ಟು ಓಟ್ಸ್ ಗಂಜಿ: ತುದಿ 265. ರಾಗಿ ಅಂಬಲಿ: 290. ತೆಳ್ಳಗೆ ಕುಡಿಯುವಂತಿದ್ದರೆ ಇನ್ನೂ ಬೇಗ ಏರುತ್ತದೆ. ಉಪ್ಪಿಟ್ಟು: 260, ಇಳಿಯುವುದೂ ನಿಧಾನ. ಅಕ್ಕಿ ರೊಟ್ಟಿಗೆ ಅವರೆಕಾಳು ಹಾಕಿ ಮಾಡಿದಾಗ 235 ಬಂತು, ಇದ್ದದ್ದರಲ್ಲಿ ಅದೇ ವಾಸಿ. ಆದರೆ ಅವರೆಕಾಯಿ ಕಾಲ ಮುಗಿದುಹೋಯಿತು. ಬರೀ ಮೊಟ್ಟೆ ತಿಂದ ದಿನ ಗುಡ್ಡ ಇಲ್ಲ, ನಿಜ. ದಿನಾ ಮೊಟ್ಟೆ ತಿಂದುಕೊಂಡು ಇರುವುದಕ್ಕೆ ನನ್ನಿಂದ ಆಗಲಿಲ್ಲ. ವಾಪಸ್ ಇಡ್ಲಿಗೆ ಬಂದೆ.

ಹಂತ 4: ಸೂಜಿಯ ಹೊತ್ತು

ಕೆಲಸ ಕೂಡಿಬಂದದ್ದು ಇಲ್ಲಿ. ಸ್ವಲ್ಪ ಹಿಂದಿನದು ಹೇಳಬೇಕು. ಕಾಯಿಲೆ ಗೊತ್ತಾದ ಹೊಸದರಲ್ಲಿ ನನಗೆ ಕೊಟ್ಟದ್ದು ಸೀಸೆಯ ರೆಗ್ಯುಲರ್ ಇನ್ಸುಲಿನ್. ಅದಕ್ಕೆ ‘ಅರ್ಧ ಗಂಟೆ ಮುಂಚೆ ಹಾಕಿಕೋ’ ಅಂತ ಕಟ್ಟುನಿಟ್ಟಾಗಿ ಹೇಳಿದ್ದರು. ಆಮೇಲೆ ಪೆನ್‌ಗೆ ಬದಲಿಸುವಾಗ ‘ಇದು ಫಾಸ್ಟ್, ಹಾಕಿಕೊಂಡ ತಕ್ಷಣ ತಿನ್ನಬಹುದು’ ಅಂದರು. ತಿನ್ನಬಹುದು, ಸರಿ. ಆದರೆ ಆಸ್ಪಾರ್ಟ್ ಶುರುವಾಗುವುದಕ್ಕೇ 10–20 ನಿಮಿಷ ಬೇಕು, ಜೋರಾಗುವುದು 1ರಿಂದ 3 ಗಂಟೆ ಒಳಗೆ. ಇಡ್ಲಿ ಅಷ್ಟು ಹೊತ್ತು ಕಾಯುವುದಿಲ್ಲ. ಅಕ್ಕಿ, ಉದ್ದು ನುಣ್ಣಗೆ ರುಬ್ಬಿ, ಹುಳಿ ಬರಿಸಿ, ಹಬೆಯಲ್ಲಿ ಬೇಯಿಸಿದ ಪದಾರ್ಥ. ಹೊಟ್ಟೆಗೆ ಮಾಡೋಕೆ ಜಾಸ್ತಿ ಕೆಲಸವೇ ಉಳಿದಿರುವುದಿಲ್ಲ.

ಹೊಸ ಸೆನ್ಸರ್ ಹಾಕಿಕೊಂಡು ಅದೇ ನಾಲ್ಕು ಇಡ್ಲಿ, ಅದೇ 6 ಯೂನಿಟ್. ಬದಲಿಸಿದ್ದು ಹೊತ್ತು ಮಾತ್ರ.

ಹಾಕಿಕೊಂಡ ತಕ್ಷಣ ತಿಂದರೆ 280.
5 ನಿಮಿಷ ಮುಂಚೆ ಹಾಕಿಕೊಂಡರೆ 260.
10 ನಿಮಿಷ, 232.
15 ನಿಮಿಷ, 205.
20 ನಿಮಿಷ, 183.

ಒಂದೇ ದಿನದ್ದಲ್ಲ, ಪ್ರತಿಯೊಂದನ್ನೂ ಒಂದೆರಡು ದಿನ ನೋಡಿ ನಡುವಿನ ಅಂಕಿ ಬರೆದದ್ದು. ಒಂದು ರೂಪಾಯಿ ಖರ್ಚಿಲ್ಲದೆ ಸುಮಾರು 100 ಇಳಿಯಿತು. ಊಟದ ನಂತರ 180ರ ಒಳಗಿರಲಿ ಅನ್ನುವುದು ಡಾಕ್ಟರ್‌ಗಳು ಸಾಮಾನ್ಯವಾಗಿ ಹೇಳುವ ಗುರಿ. ಅದರ ಹೊಸ್ತಿಲಿಗೆ ಬಂದ ಹಾಗಾಯಿತು.

ಕಾಯುವುದಕ್ಕೆ ಒಂದು ಅಪಾಯ ಇದೆ, ಅದೂ ಬಂತು. ಒಂದು ದಿನ ಇನ್ಸುಲಿನ್ ಹಾಕಿಕೊಂಡು ಒಲೆ ಹಚ್ಚಲು ಹೋದರೆ ಸಿಲಿಂಡರ್ ಖಾಲಿ. ತುಂಬಿದ ಸಿಲಿಂಡರ್ ಎಳೆದು, ರೆಗ್ಯುಲೇಟರ್ ಕೂರಿಸಿ, ಇಡ್ಲಿ ಬೇಯುವಷ್ಟರಲ್ಲಿ 40 ನಿಮಿಷ. ಬೆವರು ಕಿತ್ತುಕೊಂಡು ಬಂತು. ಬೆರಳಲ್ಲಿ 58. ಗ್ಲೂಕೋಸ್ ಪುಡಿ ಮೂರು ಟೀ ಚಮಚ, ಅಂದರೆ 15 ಗ್ರಾಂ, ನೀರಿಗೆ ಕಲಸಿ ಕುಡಿದೆ. 15 ನಿಮಿಷ ಬಿಟ್ಟು ಮತ್ತೆ ನೋಡಿದರೆ 84. ಆಮೇಲೆ ಇಡ್ಲಿ.

ಅದಾದ ಮೇಲೆ ಗಡಿಯಾರ ನೋಡುವುದು ಬಿಟ್ಟು ಒಲೆಗೆ ಗಂಟು ಹಾಕಿದೆ. ಇಡ್ಲಿ ಪಾತ್ರೆಯಲ್ಲಿ ನೀರು ಕುದಿದು, ತಟ್ಟೆಗೆ ಹಿಟ್ಟು ಹುಯ್ದು, ಮುಚ್ಚಳ ಹಾಕಿದ ಮೇಲೆಯೇ ಪೆನ್ ಕೈಗೆ ತೆಗೆದುಕೊಳ್ಳುವುದು. ಬೇಯೋಕೆ 12 ನಿಮಿಷ, ಆರಿ ಏಳೋಕೆ 4–5 ನಿಮಿಷ, ಬಡಿಸೋಕೆ 2. ತಾನಾಗಿಯೇ 18–20 ಆಗುತ್ತದೆ. ತಿಂಡಿ ಬರುವುದು ಗ್ಯಾರಂಟಿ ಆದ ಮೇಲೇ ಇನ್ಸುಲಿನ್ ಒಳಗೆ ಹೋಗುತ್ತದೆ.

ಮುದ್ದೆಗೂ ಅದೇ ಉಪಾಯ. ಎಸರು ಕುದಿಯುವ ಹೊತ್ತು ನಂಬೋಕಾಗುವುದಿಲ್ಲ. ಎಸರಿಗೆ ಹಿಟ್ಟು ಬಿಟ್ಟ ಮೇಲೆ ನಂಬಬಹುದು. ಹಿಟ್ಟು ಬೇಯಲು 8–10 ನಿಮಿಷ, ಕೋಲಿನಲ್ಲಿ ತಿರುವಿ ಮುದ್ದೆ ಕಟ್ಟಲು ಇನ್ನೊಂದು ಐದು. ಈಗ ಅತ್ತೆ ಅಡುಗೆಮನೆಯಿಂದಲೇ ಕೂಗುತ್ತಾರೆ: “ಹಿಟ್ ಬಿಟ್ಟೆ ಕಣವ್ವ, ಸೂಜಿ ಹಾಕ್ಕೊ. ಆಮೇಲೆ ಕಾಯಿ ಅಂತ ಕೂರಿಸ್ಬೇಡ, ಮುದ್ದೆ ಆರೋಯ್ತದೆ.”

ಕಾಯುವುದಕ್ಕೆ ನನ್ನ ನಿಯಮಗಳು: 80ಕ್ಕಿಂತ ಕೆಳಗಿದ್ದರೆ ಅಥವಾ ಸೆನ್ಸರ್ ಬಾಣ ಕೆಳಮುಖ ಇದ್ದರೆ ಕಾಯುವುದಿಲ್ಲ. 70ಕ್ಕಿಂತ ಕೆಳಗಿದ್ದರೆ ಮೊದಲು ಗ್ಲೂಕೋಸ್, ಸರಿಯಾದ ಮೇಲೆ ಇನ್ಸುಲಿನ್, ಊಟ. 180ರ ಮೇಲಿದ್ದರೆ ಅರ್ಧ ಗಂಟೆವರೆಗೂ ಕಾಯುತ್ತೇನೆ. ಮದುವೆ ಮನೆ ಪಂಕ್ತಿಯಲ್ಲಿ ಎಲೆ ಮೇಲೆ ಅನ್ನ ಬೀಳುವವರೆಗೂ ಪೆನ್ ಮುಟ್ಟುವುದಿಲ್ಲ. ಅಲ್ಲಿ ಎಲೆ ಹಾಕಿದ ಮೇಲೂ ಎಷ್ಟು ಹೊತ್ತು ಕೂರಿಸುತ್ತಾರೆ ಅಂತ ಎಲ್ಲರಿಗೂ ಗೊತ್ತು.

ಹಂತ 5, ಮಾರ್ಚ್: ಹೊಟ್ಟೆಯ ಗಂಟು

20 ನಿಮಿಷ ಕಾದರೂ ಕೆಲವು ದಿನ 240 ಬರುತ್ತಿತ್ತು. ತಿಂಡಿ ಅದೇ, ಡೋಸು ಅದೇ, ಹೊತ್ತು ಅದೇ. ಚೆಕಪ್‌ಗೆ ಹೋದಾಗ ಅಲ್ಲಿನ ನರ್ಸ್ ಹೊಟ್ಟೆ ಮುಟ್ಟಿ ನೋಡಿದರು. ಹೊಕ್ಕಳಿನ ಎಡಕ್ಕೆ ಎರಡು ಬೆರಳಗಲ ಗಟ್ಟಿ ಗಂಟು. ಬಲಗೈಗೆ ಸಲೀಸು ಅಂತ ವರ್ಷಗಟ್ಟಲೆ ಅಲ್ಲೇ ಚುಚ್ಚಿದ್ದರ ಫಲ. ಕೊಬ್ಬು ಅಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಅದರೊಳಗೆ ಹಾಕಿದ ಇನ್ಸುಲಿನ್ ಒಂದು ದಿನ ಬೇಗ, ಒಂದು ದಿನ ತಡವಾಗಿ ರಕ್ತಕ್ಕೆ ಸೇರುತ್ತದೆ. ನೋಯುವುದಿಲ್ಲ ಬೇರೆ, ಅದಕ್ಕೇ ಕೈ ಅಲ್ಲಿಗೇ ಹೋಗುತ್ತದೆ. ನಿಂತುಕೊಂಡು ಬೆರಳಿನಿಂದ ಒತ್ತಿ ಸವರಿದರೆ ನಿಮಗೇ ಸಿಗುತ್ತದೆ. ಕಣ್ಣಿಗೆ ಕಾಣದ ಗಂಟೂ ಇರುತ್ತದೆ.

ಜಾಗ ಬದಲಿಸುವಾಗ ಡೋಸು ಇಳಿಸಿಕೊಳ್ಳಲು ಡಾಕ್ಟರ್ ಮೊದಲೇ ಹೇಳಿದರು. ಹೊಸ ಚರ್ಮದಲ್ಲಿ ಅಷ್ಟೂ ಇನ್ಸುಲಿನ್ ಸರಿಯಾಗಿ ಒಳಗೆ ಹೋಗುತ್ತದೆ. 6ರ ಬದಲು 5 ಹಾಕಿದೆ. ಆದರೂ ಮೊದಲ ವಾರ 66, 69 ಅಂತ ಬಂದವು. ನಿಧಾನಕ್ಕೆ ಐದೂವರೆಗೆ ನಿಂತಿತು.

ಈಗಿನ ವ್ಯವಸ್ಥೆ: ಹೊಟ್ಟೆಯನ್ನು ನಾಲ್ಕು ಭಾಗ ಮಾಡಿಕೊಂಡಿದ್ದೇನೆ, ವಾರಕ್ಕೊಂದು ಭಾಗ. ಒಂದು ಚುಚ್ಚಿಗೂ ಇನ್ನೊಂದಕ್ಕೂ ಒಂದು ಬೆರಳಗಲ ಅಂತರ. ಗಂಟಿರುವ ಜಾಗಕ್ಕೆ ರಜೆ. ರಾತ್ರಿಯ ಗ್ಲಾರ್ಜಿನ್ ತೊಡೆಗೆ. ಸೂಜಿ ಪ್ರತಿ ಸಲ ಹೊಸದು ಹಾಕಬೇಕು ಅನ್ನುತ್ತಾರೆ. ಒಂದಕ್ಕೆ 12 ರೂಪಾಯಿ, ದಿನಕ್ಕೆ ನಾಲ್ಕು ಅಂದರೆ ತಿಂಗಳಿಗೆ 1,440. ಮೊದಲು ಒಂದೇ ಸೂಜಿ ಮೊಂಡಾಗುವವರೆಗೂ ಓಡುತ್ತಿತ್ತು, ಈಗ ದಿನಕ್ಕೆ ಎರಡು. ಸರಿ ಅಂತ ಹೇಳುತ್ತಿಲ್ಲ, ನಡೆಯುತ್ತಿರುವುದು ಹೇಳುತ್ತಿದ್ದೇನೆ. ಚುಚ್ಚುವ ಮೊದಲು 2 ಯೂನಿಟ್ ಗಾಳಿಗೆ ಬಿಟ್ಟು ಹನಿ ಬರುವುದು ನೋಡುವುದು, ಒತ್ತಿದ ಮೇಲೆ ಹತ್ತು ಎಣಿಸಿ ಸೂಜಿ ತೆಗೆಯುವುದು. ಇದಕ್ಕೆ ದುಡ್ಡು ಬೇಕಿಲ್ಲ.

ಹಂತ 6: ತಿನ್ನುವ ಸರದಿ, ನಡಿಗೆ

ಚಿಕ್ಕ ಕೆಲಸ. ಮೊದಲು ಪಲ್ಯ, ಕೋಸಂಬರಿ, ಕಾಳು. ಅನ್ನ ಮುದ್ದೆ ಕೊನೆಗೆ. ಬಸ್ಸಾರು ಮಾಡಿದ ದಿನ ಇದು ಸುಲಭ, ಬಸಿದ ಸೊಪ್ಪು ಕಾಳಿನ ಪಲ್ಯ ಒಂದು ಬಟ್ಟಲು ಖಾಲಿ ಮಾಡಿ ಆಮೇಲೆ ಮುದ್ದೆ ಮುರಿಯುವುದು. ತುದಿ 20–25 ತಗ್ಗುತ್ತದೆ.

ತಿಂಡಿ ಆಗಿ ಅರ್ಧ ಗಂಟೆಗೆ 15 ನಿಮಿಷ ನಡೆದರೆ ಇನ್ನೊಂದು 25–30 ತಗ್ಗುತ್ತದೆ. ಕುವೆಂಪುನಗರದ ಮನೆಯಿಂದ ಬಸ್ ಸ್ಟಾಪಿಗೆ ಸ್ಕೂಟರ್ ಬಿಟ್ಟು ನಡೆದು ಹೋಗಲು ಶುರು ಮಾಡಿದೆ, ಅಷ್ಟೇ. ಭಾನುವಾರ ಉತ್ಸಾಹದಲ್ಲಿ ಕುಕ್ಕರಹಳ್ಳಿ ಕೆರೆ ಪೂರ್ತಿ ಒಂದು ಸುತ್ತು ಹಾಕಿದ ದಿನ ಕೆರೆ ಏರಿಯ ಮೇಲೇ ಶುಗರ್ 64ಕ್ಕೆ ಇಳಿಯಿತು. ಪೂರ್ತಿ ಡೋಸು ಒಳಗಿರುವಾಗ ಉದ್ದ ನಡಿಗೆ ಬೇಡ. ಹೋಗುವುದೇ ಆದರೆ ತಿಂಡಿಯ ಡೋಸು ಕಮ್ಮಿ ಮಾಡಿಕೊಂಡು, ಪೊಟ್ಟಣ ಜೇಬಿನಲ್ಲಿಟ್ಟುಕೊಂಡು ಹೋಗಬೇಕು.

ಹಂತ 7, ಏಪ್ರಿಲ್: ಬಿಸಿಲು, ಎರಡು ಮಡಕೆ

ಎಲ್ಲ ಕೂಡಿಬಂತು ಅನ್ನುವಾಗ ಮತ್ತೆ 270, 300. ಖಾಲಿ ಹೊಟ್ಟೆ ಅಂಕಿ ಸರಿಯಿದೆ, ತಿಂದ ಮೇಲಿನದು ಮಾತ್ರ ಕೆಟ್ಟಿದೆ. ಅಂದರೆ ಫ್ರಿಜ್ ಪಕ್ಕದ ತಣ್ಣನೆ ಕಪಾಟಿನಲ್ಲಿರುವ ಗ್ಲಾರ್ಜಿನ್ ಚೆನ್ನಾಗಿದೆ, ಓಡಾಡುವ ಆಸ್ಪಾರ್ಟ್ ಕೆಟ್ಟಿದೆ. ಪೆನ್ ಇದ್ದ ಬ್ಯಾಗು ನಂಜನಗೂಡಿಗೆ ಹೋದಾಗ ಮಧ್ಯಾಹ್ನವಿಡೀ ಸ್ಕೂಟರ್ ಡಿಕ್ಕಿಯಲ್ಲಿತ್ತು. ಬಳಸುತ್ತಿರುವ ಇನ್ಸುಲಿನ್ 30 ಡಿಗ್ರಿಯೊಳಗೆ ಇರಬೇಕು, ಅದೂ 4 ವಾರ ಮಾತ್ರ. ಬಿಸಿಲಿನಲ್ಲಿ ನಿಂತ ಡಿಕ್ಕಿ ಎಷ್ಟು ಕಾಯುತ್ತದೆ ಅಂತ ಕೈಯಿಟ್ಟರೆ ಸಾಕು. ನೋಡೋಕೆ ಇನ್ಸುಲಿನ್ ನೀರಿನಂತೆ ತಿಳಿಯಾಗಿಯೇ ಇತ್ತು. ಕಣ್ಣಿಗೆ ಕಾಣುವುದಿಲ್ಲ. ಇನ್ಸುಲಿನ್ ತೀರಾ ಸಾಲದಾದಾಗ ಮೂತ್ರದಲ್ಲಿ ಬರುವ ಕೀಟೋನ್ ಇದೆಯಾ ಅಂತ ಆ ರಾತ್ರಿ ಸ್ಟ್ರಿಪ್‌ನಲ್ಲಿ ನೋಡಿದೆ, ಏನೂ ಇರಲಿಲ್ಲ. ಹೊಸ ಕಾರ್ಟ್ರಿಡ್ಜ್ (ಪೆನ್ನೊಳಗಿನ ಇನ್ಸುಲಿನ್ ಕೊಳವೆ) ಹಾಕಿದ ಮಾರನೇ ದಿನ 190. ಹಳೆಯದು ಅರ್ಧಕ್ಕಿಂತ ಜಾಸ್ತಿ ಇತ್ತು, ಎಸೆದೆ.

ತೆರೆಯದ ಕಾರ್ಟ್ರಿಡ್ಜ್‌ಗಳಿಗೆ ಫ್ರಿಜ್ ಇದೆ, 2ರಿಂದ 8 ಡಿಗ್ರಿ, ಬಾಗಿಲ ತಟ್ಟೆಯಲ್ಲಿ. ಫ್ರೀಜರ್ ಹತ್ತಿರ ಬೇಡ, ಹೆಪ್ಪುಗಟ್ಟಿದರೆ ಕೆಲಸಕ್ಕೆ ಬಾರದು. ಕರೆಂಟ್ ಹೋಗಿಬರುವ ಅತ್ತೆಯ ಊರ ಮನೆಗೂ ಒಂದು ವ್ಯವಸ್ಥೆ ಬೇಕಿತ್ತು. ಮಡಕೆ ಮಾಡಿದೆ.

ಸಂತೆಯಲ್ಲಿ ದೊಡ್ಡದೊಂದು, ಚಿಕ್ಕದೊಂದು ಮಡಕೆ, ಎರಡೂ ಸೇರಿ 220 ರೂಪಾಯಿ. ದೊಡ್ಡದರ ತಳಕ್ಕೆ ಎರಡು ಬೆರಳು ಮರಳು, ಅದರ ಮೇಲೆ ಚಿಕ್ಕದು, ಸುತ್ತ ಸಂದಿಗೆಲ್ಲ ಮರಳು ತುಂಬಿ ನೀರು ಹಾಕುವುದು. ಚಿಕ್ಕ ಮಡಕೆ ಒಳಗೆ ಸ್ಟೀಲ್ ಡಬ್ಬಿ, ಡಬ್ಬಿಯಲ್ಲಿ ಪೆನ್. ಮೇಲೆ ಒದ್ದೆ ಗೋಣಿ ಬಟ್ಟೆ. ಮೀನಿನ ತೊಟ್ಟಿಗೆ ಹಾಕುವ ಥರ್ಮಾಮೀಟರ್ 150 ರೂಪಾಯಿಗೆ ತಂದು ಒಳಗೆ ಇಳಿಬಿಟ್ಟೆ. ಹೊರಗೆ 33, ಒಳಗೆ 31. ಕೆಲಸಕ್ಕೆ ಬರಲಿಲ್ಲ. ಹೊರಗಿನ ಮಡಕೆಗೆ ಚೆಂದಕ್ಕೆ ಅಂತ ಕೆಂಪು ಬಣ್ಣ ಬಳಿದಿದ್ದರು. ಬಣ್ಣದ ಮೈಯಿಂದ ನೀರು ಜಿನುಗುವುದಿಲ್ಲ, ಆರದೆ ತಣ್ಣಗಾಗುವುದಿಲ್ಲ. ಬಣ್ಣ ಇಲ್ಲದ ಕುಡಿಯುವ ನೀರಿನ ಮಡಕೆ ತಂದೆ, ಇನ್ನೂ 160. ಈಗ ಹೊರಗೆ 33 ಇದ್ದರೆ ಒಳಗೆ 27. ಅಡುಗೆಮನೆ ಮೂಲೆಯಲ್ಲಿಟ್ಟಾಗ 29 ಇತ್ತು, ಗಾಳಿಯಾಡುವ ಕಿಟಕಿ ಕೆಳಗೆ, ಬಿಸಿಲು ಬೀಳದ ಕಡೆ ಇಟ್ಟ ಮೇಲೆ 27ಕ್ಕೆ ಬಂತು. ಬೆಳಿಗ್ಗೆ ಸಂಜೆ ಒಂದೊಂದು ಚೊಂಬು ನೀರು. ಮಳೆಗಾಲದಲ್ಲಿ ಇಷ್ಟು ಇಳಿಯುವುದಿಲ್ಲ, ಆಗ ಬೇಕಾಗುವುದೂ ಇಲ್ಲ.

ಊರಿನಲ್ಲಿ ಪೆನ್ ಕೆಟ್ಟರೆ ಅಂತ ಮೆಡಿಕಲ್ ಸ್ಟೋರಿನ ಸಿರಿಂಜ್ ಇಟ್ಟುಕೊಳ್ಳುವವರು ಒಂದು ವಿಷಯ ಗಮನಿಸಿ. ಪೆನ್ನಿನ ಕಾರ್ಟ್ರಿಡ್ಜ್ ಯು-100, ಅಂದರೆ ಒಂದು ಮಿಲಿಲೀಟರ್‌ಗೆ 100 ಯೂನಿಟ್. ಕೆಂಪು ಮುಚ್ಚಳದ ಸಿರಿಂಜ್ ಯು-40 ಸೀಸೆಗೆ ಮಾಡಿದ್ದು. ಅದರಲ್ಲಿ ಯು-100 ಎಳೆದು 10ರ ಗೆರೆಗೆ ನಿಲ್ಲಿಸಿದರೆ ಒಳಗೆ ಹೋಗುವುದು 25 ಯೂನಿಟ್. ಯು-100ಗೆ ಕಿತ್ತಳೆ ಮುಚ್ಚಳದ್ದು ಕೇಳಿ ತರಬೇಕು.

ಇಲ್ಲಿಯವರೆಗಿನ ಲೆಕ್ಕ

ಜನವರಿಯ ಸೆನ್ಸರ್‌ನಲ್ಲಿ 70ರಿಂದ 180ರ ಒಳಗಿದ್ದ ಹೊತ್ತು ಶೇ 56. ಮೇ ತಿಂಗಳಿನದರಲ್ಲಿ ಶೇ 74. ಶೇ 70 ದಾಟಿದರೆ ಚೆನ್ನಾಗಿದೆ ಅನ್ನುತ್ತಾರೆ. 70ರ ಕೆಳಗಿನ ಹೊತ್ತು ಶೇ 3, ಅದು 4 ದಾಟಬಾರದು. ಖರ್ಚು: ತಕ್ಕಡಿ 450, ಮಡಕೆಗಳು 380, ಥರ್ಮಾಮೀಟರ್ 150, ಜೊತೆಗೆ ಸೆನ್ಸರ್‌ಗಳು. ಸೆನ್ಸರ್ ಬಿಟ್ಟರೆ ಸಾವಿರ ರೂಪಾಯಿ ಒಳಗೇ ಮುಗಿದಿದೆ. ಇಡ್ಲಿಯನ್ನು ಬಿಟ್ಟಿಲ್ಲ.

ಹಂತ 8: ಮಸಾಲೆ ದೋಸೆ. ಸಿಕ್ಕಿಹಾಕಿಕೊಂಡಿದ್ದೇನೆ

ಹೋಟೆಲ್ ಮಸಾಲೆ ದೋಸೆ, ಆಲೂಗಡ್ಡೆ ಪಲ್ಯ ಸೇರಿ 55–60 ಗ್ರಾಂ ಕಾರ್ಬ್ ಅಂದಾಜು. ಇಡ್ಲಿಯ ಲೆಕ್ಕದಲ್ಲೇ 20 ನಿಮಿಷ ಮುಂಚೆ 7 ಯೂನಿಟ್ ಹಾಕಿದೆ. ಒಂದು ಗಂಟೆಗೆ 71, ಬಾಣ ಕೆಳಗೆ. ಗ್ಲೂಕೋಸ್ ಕುಡಿದೆ. ನಾಲ್ಕು ಗಂಟೆಗೆ 255. ಬೆಣ್ಣೆ, ಎಣ್ಣೆ ಹೊಟ್ಟೆಯಲ್ಲಿ ಎಲ್ಲವನ್ನೂ ತಡೆದು ನಿಧಾನಕ್ಕೆ ಬಿಡುತ್ತವೆ. ಅದು ಬರುವ ಹೊತ್ತಿಗೆ ಇನ್ಸುಲಿನ್ ಮುಗಿದಿರುತ್ತದೆ. ಮದ್ದೂರು ವಡೆ, ತುಪ್ಪ ಸುರಿದ ಹೋಳಿಗೆ ಎಲ್ಲದರದ್ದೂ ಇದೇ ಆಟ.

ಕಾಯದೆ, ತಿನ್ನಲು ಶುರು ಮಾಡುವಾಗ 7: ಒಂದು ಗಂಟೆಗೆ 110, ನಾಲ್ಕು ಗಂಟೆಗೆ 240.

8 ಯೂನಿಟ್ ಒಟ್ಟಿಗೆ: ಎರಡು ಗಂಟೆಗೆ 61. ಮತ್ತೆ ಆ ದಾರಿಗೆ ಹೋಗಿಲ್ಲ.

ಎರಡು ಭಾಗ: ಮುಂಚೆ ನಾಲ್ಕೂವರೆ, ಒಂದೂವರೆ ಗಂಟೆ ಬಿಟ್ಟು ಮೂರು. ತುದಿ 195, ಆಮೇಲೆ 140. ಡಾಕ್ಟರ್ ಕೇಳಿ ಮಾಡಿದ್ದು ಇದು, ಇದ್ದದ್ದರಲ್ಲಿ ಇದೇ ಚೆನ್ನಾಗಿದೆ. ಇನ್ಸುಲಿನ್ ಪಂಪ್ (ಮೈಗೆ ಹಾಕಿಕೊಳ್ಳುವ ಯಂತ್ರ) ಇರುವವರು ಈ ಎರಡನೇ ಭಾಗವನ್ನು ಮೆಲ್ಲಗೆ ಹನಿಸಲು ಹೇಳಿಬಿಡಬಹುದು. ಪೆನ್‌ನವರು ಇನ್ನೊಂದು ಸಲ ಚುಚ್ಚಿಕೊಳ್ಳಬೇಕು.

ಆದರೆ ಅದೇ ಎರಡು ಭಾಗದ ಲೆಕ್ಕ ಇನ್ನೊಂದು ಹೋಟೆಲಿನ ದೋಸೆಗೆ 230 ಕೊಟ್ಟಿತು. ಅಲ್ಲಿ ಬೆಣ್ಣೆ ಮುದ್ದೆಯನ್ನೇ ಮೇಲಿಟ್ಟು ಕೊಡುತ್ತಾರೆ. ಮನೆಯಲ್ಲಿ ತವಾ ಮೇಲೆ ಎಣ್ಣೆ ಒಂದು ಟೀ ಚಮಚ ಅಳೆದು ಹಾಕಿ ಮಾಡಿದ ದೋಸೆಗೆ ಇಡ್ಲಿಯ ಲೆಕ್ಕವೇ ಸಾಕಾಯಿತು, ತುದಿ 188. ಅದನ್ನು ತಿಂದು ನಮ್ಮ ಯಜಮಾನರು “ಇದು ದೋಸೆನಾ, ಔಷಧಿನಾ?” ಅಂದರು. ನನಗೂ ಹಾಗೇ ಅನ್ನಿಸಿತ್ತು.

ಮುಂದಿನ ಸೆನ್ಸರ್ ಹಾಕಿದಾಗ ಎರಡನೇ ಭಾಗವನ್ನು ಎರಡು ಗಂಟೆಗೆ ತಳ್ಳಿ ನೋಡಬೇಕು. ಪಲ್ಯ ಬಿಟ್ಟು ಖಾಲಿ ದೋಸೆಯನ್ನು ಒಂದು ಸಲ, ಬೆಣ್ಣೆ ಬೇಡ ಅಂತ ಹೇಳಿ ಒಂದು ಸಲ ನೋಡಬೇಕು. ಅಲ್ಲಿಯವರೆಗೆ ಹೋಟೆಲ್ ದೋಸೆ ಭಾನುವಾರ ಬೆಳಿಗ್ಗೆ ಮಾತ್ರ. ರಾತ್ರಿ ತಿಂದು, ಎರಡನೇ ಭಾಗ ಹಾಕಿಕೊಂಡು ಮಲಗಿದರೆ ಲೋ ಆದದ್ದನ್ನು ನೋಡುವವರು ಯಾರು?